ಜೋಳಿಗೆಗೆ ಮೊದಲ ಹಿಡಿ

ತೋವಿನಕೆರೆ
ಬಹುಧಾನ್ಯ ಸಂವತ್ಸರ, ಮಾಘ ಶುದ್ಧ ದಶಮಿ, ಸೋಮವಾರ

ಪ್ರೀತಿಯ ಅಣ್ಣನಿಗೆ ನಿನ್ನ ತಂಗಿ ಮಂಗಳಿ ಮಾಡುವ ಶರಣು.

ಮೊದಲು ನನ್ನ ಕೈಬರಹವನ್ನು ಕ್ಷಮಿಸು. ಸ್ಕೂಲು ಬಿಟ್ಟು ಐದು ವರ್ಷವಾಯಿತು. ನಾಲ್ಕನೆಯ ಕ್ಲಾಸಿನವರೆಗೆ ಕಲಿತದ್ದರಲ್ಲಿ ಒತ್ತಕ್ಷರಗಳು ಅರ್ಧ ಮರೆತುಹೋಗಿವೆ. ಇರುವ ಒಂದು ಲೇಖನಿಯ ಮುಳ್ಳೂ ಸೀಳಿದೆ, ಒಂದು ಗೆರೆ ಎಳೆದರೆ ಎರಡಾಗುತ್ತದೆ. ಮಸಿಗೆ ನೀರು ಹೆಚ್ಚಾಗಿದೆ. ನೀನು ಮಠದಲ್ಲಿ ಸಂಸ್ಕೃತ ಓದಿದವನು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ನಗು ಬಂದರೆ ಒಬ್ಬನೇ ನಗು, ಬೇರೆ ಯಾರಿಗೂ ತೋರಿಸಬೇಡ.

ಎರಡನೆಯ ತಪ್ಪು ತಡಮಾಡಿದ್ದು. ನಿನ್ನ ಕಾಗದ ಬಂದು ಇಂದಿಗೆ ಇಪ್ಪತ್ತೊಂದು ದಿನ. ಶಿವರಾತ್ರಿ ಕಳೆದ ಐದನೆಯ ದಿನ ನಿನಗೆ ಪಟ್ಟವೆಂದು ಬರೆದಿದ್ದೀಯ. ಅಂದು ಅವ್ವ ಮಠಕ್ಕೆ ಬಂದು ನಿನ್ನ ಹೊಸ ಜೋಳಿಗೆಗೆ ಮೊದಲ ಹಿಡಿ ಭಿಕ್ಷೆ ಹಾಕಬೇಕು, ಎಲ್ಲರ ಮುಂದೆ ‘ಕೊಟ್ಟೆ’ ಎಂದು ಮೂರು ಸಲ ಹೇಳಬೇಕು, ನಿನ್ನ ಪಾದಕ್ಕೆ ತಲೆಯಿಡಬೇಕು. ಅಲ್ಲಿಂದ ಮುಂದೆ ನೀನು ನಮ್ಮವನಲ್ಲ. ‘ಅವ್ವ ಒಪ್ಪಿದರೆ ಪೀಠದ ಮೇಲೆ ಕೂರುತ್ತೇನೆ. ಒಪ್ಪದಿದ್ದರೆ ಕಾವಿ ಮಡಿಸಿಟ್ಟು ಮನೆಗೆ ಬರುತ್ತೇನೆ. ಅವಳನ್ನು ಕೇಳಿ ಒಂದೇ ಮಾತು ಬರೆ’ ಎಂದು ಕೇಳಿದ್ದೀಯ. ಆ ಒಂದು ಮಾತು ಅವ್ವನ ಬಾಯಿಂದ ಬರಲಿಲ್ಲ. ಅದಕ್ಕೇ ಇಷ್ಟು ತಡವಾಯಿತು.

ಯಾವಾಗಲೂ ಕಾರ್ಡಿನಲ್ಲೇ ಬರೆಯುವ ನಾನು ಈ ಸಲ ಲಕೋಟೆ ತಂದೆ. ಕಾರ್ಡಾದರೆ ದಾರಿಯುದ್ದಕ್ಕೂ ಎಲ್ಲರೂ ಓದುತ್ತಾರೆ. ಪೋಸ್ಟಿನ ರಂಗಯ್ಯನವರಂತೂ ನಿನ್ನ ಕಾರ್ಡನ್ನು ನಮ್ಮ ಕೈಗೆ ಕೊಡುವ ಮೊದಲೇ ‘ನಿಮ್ಮಣ್ಣ ಉಸಾರಾಗವ್ನಂತೆ ಕಣಮ್ಮ’ ಎಂದು ಬೀದಿಯ ಆ ತುದಿಯಿಂದಲೇ ಕೂಗುತ್ತಾರೆ. ಈ ಹಾಳೆಗಳು ನನ್ನ ಹಳೆಯ ಕಾಪಿ ಪುಸ್ತಕದವು. ಹಿಂಬದಿಯಲ್ಲಿ ನಾನು ತಿದ್ದಿದ ಮಗ್ಗಿ ಇದೆ, ಅದನ್ನು ಓದಬೇಡ, ಏಳರ ಮಗ್ಗಿ ತಪ್ಪಿದೆ.

ಅಪ್ಪ ಚೆನ್ನಾಗಿದ್ದಾರೆ. ಈಗ ಕಣದ ಕಾಲವಲ್ಲವೇ, ಮುಂಜಾನೆ ಮಂಜು ಹರಿಯುವ ಮೊದಲೇ ಜೋಳಿಗೆ, ಗಂಟೆ ಹಿಡಿದು ಭಿಕ್ಷೆಗೆ ಹೊರಡುತ್ತಾರೆ. ಗಂಟೆಯ ಸದ್ದು ಮೊದಲು ಕೇಳುತ್ತದೆ, ಆಮೇಲೆ ಮಂಜಿನೊಳಗಿಂದ ಅಪ್ಪನ ರುಮಾಲು ಕಾಣುತ್ತದೆ ಎಂದು ಕಣದವರು ಹೇಳುತ್ತಾರೆ. ಮಧ್ಯಾಹ್ನ ಬರುವಾಗ ಜೋಳಿಗೆ ಭಾರವಾಗಿರುತ್ತದೆ. ಒಂದು ಮನೆಯವರು ರಾಗಿ, ಒಂದು ಮನೆಯವರು ಜೋಳ, ಮತ್ತೊಬ್ಬರು ನವಣೆ, ಹುರುಳಿ, ಅವರೆ. ಎಲ್ಲವೂ ಒಂದೇ ಚೀಲದೊಳಗೆ ಬೆರೆತು ಬರುತ್ತವೆ. ಅವ್ವ ಅದನ್ನು ಮೊರದ ಮೇಲೆ ಸುರಿದುಕೊಂಡು ಬಿಸಿಲಿಗೆ ಕೂತು ಬೇರೆ ಮಾಡುತ್ತಾಳೆ.

ಅಣ್ಣ, ಅದನ್ನು ನೀನು ನೋಡಬೇಕಿತ್ತು. ಮೊರ ಒಂದು ಸಲ ಅಲ್ಲಾಡಿದರೆ ನವಣೆ ಒಂದು ಕಡೆ ಜಾರುತ್ತದೆ, ರಾಗಿ ಒಂದು ಕಡೆ, ಅವರೆ ತಾನಾಗಿಯೇ ಉರುಳಿ ಅಂಚಿಗೆ ಬರುತ್ತದೆ. ನೋಡುತ್ತಾ ಕೂತರೆ ನಿದ್ದೆ ಬಂದಂತಾಗುತ್ತದೆ. ಕಾಳು ನೋಡಿಯೇ ಯಾವ ಮನೆಯದೆಂದು ಅವ್ವ ಹೇಳುತ್ತಾಳೆ. “ಇದು ಪಟೇಲರ ಮನೆ ರಾಗಿ, ಕೆಮ್ಮಣ್ಣಿನ ಹೊಲದ್ದು. ಈ ಹುರುಳಿ ಶಂಕರಲಿಂಗಪ್ಪನ ಮನೇದು, ಹೋದ ವರ್ಸದ್ದು. ಹೊಸದು ಕೊಡಾಕೆ ಅವನೆಂಡ್ತಿಗೆ ಕೈ ಬರಾಕಿಲ್ಲ.”

“ಕೊಟ್ಟೋರ ಮನೆ ಸುದ್ದಿ ನಿಂಗ್ಯಾಕೆ? ಕೊಟ್ರಲ್ಲ, ಶಿವಾರ್ಪಣ” ಎನ್ನುತ್ತಾರೆ ಅಪ್ಪ.

“ಶಿವ ಹುಳಾನೂ ತಿಂತಾನಾ?” ಎನ್ನುತ್ತಾಳೆ ಅವ್ವ.

ಬೇರೆ ಮಾಡಲಾಗದೆ ಕೊನೆಗೆ ಉಳಿದದ್ದನ್ನೆಲ್ಲ ಒಟ್ಟಿಗೆ ಬೀಸುತ್ತೇವೆ. ಅದಕ್ಕೇ ನಮ್ಮ ಮನೆಯ ಮುದ್ದೆಗೆ ಒಂದು ದಿನದ ರುಚಿ ಇನ್ನೊಂದು ದಿನ ಇರುವುದಿಲ್ಲ. ಊರಿನವರೆಲ್ಲರ ಹೊಲವನ್ನೂ ಒಂದೊಂದು ತುತ್ತು ಉಂಡಂತೆ ನನಗೆ ಅನ್ನಿಸುತ್ತದೆ.

ಬೇರೆ ಎಲ್ಲ ಹೀಗೇ ಇದೆ. ಬೆಂಕಿಕಡ್ಡಿ ತರುವುದಿಲ್ಲ. ಬೆಳಿಗ್ಗೆ ನಾನು ಬೆರಣಿಯ ತುಂಡು ಹಿಡಿದು ಪಕ್ಕದ ಕುರುಬರ ನಾಗಕ್ಕನ ಮನೆಗೆ ಹೋಗಿ ಕೆಂಡ ತರುತ್ತೇನೆ. ನಮ್ಮ ಒಲೆ ಮೊದಲು ಹತ್ತಿದ ದಿನ ಅವಳು ನಮ್ಮಲ್ಲಿಗೆ ಬರುತ್ತಾಳೆ. ಹೊಂಗೆಣ್ಣೆಯ ದೀಪ, ಅದೂ ಉಣ್ಣುವಷ್ಟು ಹೊತ್ತು. ಅವ್ವನ ಸೀರೆ ಹರಿದರೆ ನನಗೆ ದಾವಣಿ, ಅದು ಹರಿದರೆ ಅಪ್ಪನ ಹೆಗಲ ಮೇಲಿನ ವಸ್ತ್ರ, ಅದೂ ಹರಿದರೆ ಪಾತ್ರೆ ಇಳಿಸುವ ಬಟ್ಟೆ, ಕಡೆಗೆ ದೀಪದ ಬತ್ತಿ. ಅವ್ವನ ಮದುವೆಯ ಸೀರೆಯೇ ಈಗ ನಮ್ಮ ದೀಪದಲ್ಲಿ ಉರಿಯುತ್ತಿರಬೇಕು. ಇದನ್ನೆಲ್ಲ ಕಷ್ಟವೆಂದು ಬರೆಯುತ್ತಿಲ್ಲ. ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು ಕೊಯ್ಯುತ್ತಾ ಕೂತರೆ, ದೂರದಲ್ಲಿ ನಾಗಕ್ಕನ ಗಂಡ ಮಾರಣ್ಣ ಕುರಿಗಳಿಗೆ ಶಿಳ್ಳೆ ಹಾಕುವುದು ಕೇಳಿದರೆ, ಇನ್ನೇನು ಬೇಕು ಎನ್ನಿಸುತ್ತದೆ. ಆಮೇಲೆ ಏನು ಬೇಕೆಂಬುದು ನೆನಪಾಗುತ್ತದೆ.

ನಿಮ್ಮ ಮಠದ ಕಾರುಬಾರು ನೋಡುವ ಬಸವಲಿಂಗಯ್ಯನವರು ಬಂದದ್ದನ್ನು ಹೇಳಬೇಕು. ನಿನ್ನ ಕಾಗದ ಬಂದ ನಾಲ್ಕನೆಯ ದಿನ ಮಠದ ಪರವಾಗಿ ಅವರೇ ಬಂದರು. ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದೆವು. ಅವ್ವ ಬಾಗಿಲ ಒಳಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಅವರು ಎಲ್ಲವನ್ನೂ ವಿವರಿಸಿದರು.

“‘ಕೊಟ್ಟೆ’ ಅಂತ ಮೂರು ಕಿತ ಹೇಳ್ಬೇಕು ತಾಯಿ. ಆಮೇಲೆ ಪಾದಕ್ಕೆ ನಮಸ್ಕಾರ. ಅಷ್ಟೇಯ.”

“ಆಮ್ಯಾಕೆ?” ಎಂದಳು ಅವ್ವ.

“ಆಮ್ಯಾಕೆ ಅವರು ನಿಮ್ಮ ಮಗ ಅಲ್ಲ. ಲೋಕಕ್ಕೆಲ್ಲ ಗುರುಗಳು, ಬುದ್ಧಿಯೋರು.”

“ಹೆತ್ತೋಳು ಮಗನ ಕಾಲಿಗೆ ಬೀಳೋದು ಯಾವೂರ ಪದ್ಧತಿ?”

ಅಪ್ಪನಿಗೆ ಸಂಕೋಚವಾಯಿತು. “ಮಗನ ಕಾಲಿಗಲ್ಲ ಕಣೇ, ಪೀಠಕ್ಕೆ” ಎಂದರು.

“ಪೀಠಕ್ಕೆ ಕಾಲಿರ್ತವಾ?”

ಬಸವಲಿಂಗಯ್ಯನವರಿಗೆ ನಗು ಬಂದುಬಿಟ್ಟಿತು. ವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಗಂಭೀರವಾಗಿ, “ನೀವು ಬರಾಕಾಗ್ದಿದ್ರೆ ತಂಗಿ ಹಾಕಿದ್ರೂ ನಡೀತದೆ ಅಂತ ಹಿರೇ ಬುದ್ಧಿಯೋರು ಹೇಳವ್ರೆ. ಆದ್ರೆ ಚಿಕ್ಕ ಬುದ್ಧಿಯೋರು ಅವ್ವನೇ ಬರ್ಬೇಕು ಅಂತ ಹಠ ಹಿಡಿದವ್ರೆ” ಎಂದರು.

ನಿನ್ನನ್ನು ಚಿಕ್ಕ ಬುದ್ಧಿಯವರು ಎನ್ನುತ್ತಾರೆಂದು ನನಗೆ ಅಂದೇ ಗೊತ್ತಾಯಿತು. ನೀನು ಹಠ ಹಿಡಿಯುವವನೆಂದೂ ಅಂದೇ ಗೊತ್ತಾಯಿತು. ಅವ್ವ ಅವರೆಯ ಸಿಪ್ಪೆಯನ್ನು ಮಡಿಲಿಗೆ ತುಂಬಿಕೊಂಡು ಎದ್ದಳು. “ಕೊಟ್ಟೋರು ಕೊಟ್ಟೆ ಅನ್ಲಿ” ಎಂದು ಹೇಳಿ ನಾಗಕ್ಕನ ಮೇಕೆಗೆ ಹಾಕಲು ಹೋದವಳು ಅವರು ಊರು ಬಿಡುವವರೆಗೆ ಬರಲಿಲ್ಲ.

ಆ ಮಾತು ಯಾರಿಗೂ ಅರ್ಥವಾಗಲಿಲ್ಲ. ಅಪ್ಪ ಅದಕ್ಕೆ ಬೇರೆ ಕಾರಣ ಹೇಳುತ್ತಾರೆ. ಹಿಂದಿನ ವರ್ಷದ ಶ್ರಾವಣದ ಸಂಗತಿ ಅವಳ ಮನಸ್ಸಿನಿಂದ ಹೋಗಿಲ್ಲ ಎನ್ನುತ್ತಾರೆ. ಅದನ್ನು ನೆನಪಿಸಬಾರದು. ಆದರೂ ಇನ್ನು ಮುಂದೆ ಕೇಳಲಾಗುವುದಿಲ್ಲವೆಂದು ಕೇಳುತ್ತೇನೆ. ಅಂದು ಹಿರಿಯ ಬುದ್ಧಿಯವರ ಜೊತೆ ನೀನು ಊರಿಗೆ ಬಂದೆಯಲ್ಲ, ಹತ್ತು ಮನೆಯಲ್ಲಿ ಪಾದಪೂಜೆ ಮುಗಿಸಿ ನಮ್ಮ ಮನೆಗೂ ಬಂದಿರಲ್ಲ. ನೀನು ಒಳಗೆ ಕಾಲಿಟ್ಟ ಕೂಡಲೇ ಅವ್ವ ಕಾಲಿಗೆ ನೀರು ಕೊಡುವುದನ್ನೂ ಮರೆತು ಓಡಿಬಂದು ಸೆರಗಿನಿಂದ ನಿನ್ನ ಮುಖದ ಬೆವರು ಒರೆಸಿಬಿಟ್ಟಳು. ಹಿಂದಿದ್ದವರು ‘ಶಿವ ಶಿವ’ ಎಂದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಾನೂ ಅಪ್ಪನೂ ಮಡಿಯಲ್ಲಿ ಅನ್ನ ಪಾಯಸ ಮಾಡಿಟ್ಟಿದ್ದೆವು, ಆ ಅಕ್ಕಿಯನ್ನು ಆರು ತಿಂಗಳಿನಿಂದ ಕೂಡಿಟ್ಟಿದ್ದೆವು. ಅವ್ವ ಅದನ್ನು ಬಿಟ್ಟು, ಹಿಂದಿನ ದಿನದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು ಹಾಕಿ, ಬೋಗುಣಿಯಲ್ಲಿ ತಂದು ನಿನ್ನ ಮುಂದಿಟ್ಟಳು. ಏಳು ವರ್ಷದವನಿದ್ದಾಗ ಅದೇ ನಿನಗೆ ಪ್ರಾಣವಾಗಿತ್ತಂತೆ.

“ಬುದ್ಧಿಯೋರಿಗೆ ತಂಗಳಾ!” ಎಂದು ಯಾರೋ ಕೂಗಿದರು. ನೀನು ತಲೆ ತಗ್ಗಿಸಿ “ಬೇಡ ತಾಯಿ” ಎಂದೆ. ಮುಟ್ಟಲಿಲ್ಲ.

ಹಸಿವಿರಲಿಲ್ಲವೇ ಅಣ್ಣ? ನಾಚಿಕೆಯಾಯಿತೇ? ನನ್ನಂತೆ ನೀನೂ ನಾಚಿಕೆಯವನೆಂದು ನಾನು ಅಂದುಕೊಂಡಿದ್ದೇನೆ. ಸಂಜೆ ಆ ಬೋಗುಣಿಯದನ್ನು ನಾವು ಮೂವರೂ ಹಂಚಿಕೊಂಡೆವು, ಚೆಲ್ಲುವ ಪದ್ಧತಿ ನಮ್ಮಲ್ಲಿಲ್ಲ. ಅಪ್ಪ ನಗಿಸಲೆಂದು “ಮಗನ ಪ್ರಸಾದ ಕಣೇ, ಕಣ್ಣಿಗೊತ್ಕೊಂಡು ತಿನ್ನು” ಎಂದರು. ಅವ್ವ ನಗಲಿಲ್ಲ.

ಅಪ್ಪನಿಗೆ ನೀನು ಪೀಠ ಏರಬೇಕೆಂದೇ ಆಸೆ. “ಹತ್ತು ತಲೆಯಿಂದ ಜೋಳಿಗೆ ಹಿಡಿದು ಬೇರೆಯೋರ ಬಾಗಿಲಲ್ಲಿ ನಿಂತೋರು ನಾವು. ನಮ್ಮಲ್ಲೊಬ್ಬ ಸಾವಿರ ಜನಕ್ಕೆ ಅನ್ನ ಹಾಕ್ತಾನೆ ಅಂದ್ರೆ ಸಾಮಾನ್ಯವಾ?” ಎಂದು ಎಲ್ಲರಿಗೂ ಹೇಳುತ್ತಾರೆ. ಹೇಳಿದ ಮೇಲೆ ಕೂತು ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡಿರುತ್ತಾರೆ.

ನಾಗಕ್ಕ ಅವ್ವನ ಕಡೆ. “ನಾವು ಮರಿ ಮಾರಿದ್ರೂ ತಾಯಿ ಕುರಿ ಮೂರು ದಿನ ಅರಚ್ತದೆ ಕಣ್ರಯ್ಯ. ನೀವು ಮನುಸರನ್ನ ಕೊಟ್ಟು ಸುಮ್ಕಿರು ಅಂದ್ರೆ ಹೆಂಗೆ?” ಎಂದು ಬೇಲಿಯ ಆಚೆಯಿಂದಲೇ ಅಪ್ಪನನ್ನು ಕೆಣಕುತ್ತಾಳೆ.

“ಲೇ ನಾಗಕ್ಕ, ನಿನ್ ಕುರಿ ಪುರಾಣ ನಿನ್ ಹಟ್ಟೀಲಿಟ್ಕೋ” ಎನ್ನುತ್ತಾರೆ ಅಪ್ಪ.

“ಹಟ್ಟೀಲಿ ಜಾಗ ಇಲ್ಲ, ಅದ್ಕೇ ಇಲ್ಲಿಗ್ತಂದೆ.”

ಈಗ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಬರೆಯಬಲ್ಲವಳು ನಾನೊಬ್ಬಳೇ. ಅಪ್ಪನಿಗೆ ಮಂತ್ರವೆಲ್ಲ ಬಾಯಿಪಾಠ, ಅಕ್ಷರ ಬಾರದು. ನಾನು ‘ಅವ್ವ ಬೇಡ ಅಂದಳು’ ಎಂದು ಬರೆದರೆ ತಪ್ಪು ಹಿಡಿಯುವವರು ಯಾರೂ ಇಲ್ಲ. ಹತ್ತು ದಿನದ ಹಿಂದೆ ಹಾಗೇ ಬರೆದೆ. ಒಂದು ಕಾರ್ಡು, ಮೂರೇ ಪದ. ರವಿಕೆಯೊಳಗೆ ಇಟ್ಟುಕೊಂಡು ಒಂದು ದಿನವೆಲ್ಲ ತಿರುಗಿದೆ. ನೀರು ತರುವಾಗ, ಬೀಸುವಾಗ, ಅದು ಅಲ್ಲಿ ಬೆಚ್ಚಗೆ ಇತ್ತು. ಆ ದಿನವೆಲ್ಲ ನೀನು ಮನೆಯಲ್ಲೇ ಇದ್ದಂತಿತ್ತು. ಅಪ್ಪನ ಜೋಳಿಗೆ ನಿನ್ನ ಹೆಗಲಿಗೆ ಬಂದಿತ್ತು, ನೀನು ಕೆರೆಯ ಏರಿಯ ಮೇಲೆ ಬರುತ್ತಿದ್ದೆ, ನಾನು ಕಾಲಿಗೆ ನೀರು ತಂದಿಡುತ್ತಿದ್ದೆ. ನನಗೆ ಮದುವೆ ಗೊತ್ತಾದರೆ ಬಾಗಿಲಲ್ಲಿ ನಿಂತು ಕಳಿಸಿಕೊಡುವವನೂ ನೀನೇ ಆಗಿದ್ದೆ. ಮುಖ ಮಾತ್ರ ಸರಿಯಾಗಿ ಕಾಣಲಿಲ್ಲ. ನಿನ್ನನ್ನು ಮಠಕ್ಕೆ ಬಿಟ್ಟಾಗ ನನಗೆ ಎರಡು ವರ್ಷ. ಆಮೇಲೆ ಕಂಡದ್ದು ಎರಡೇ ಸಲ, ಎರಡು ಸಲವೂ ನಾನು ಬಾಗಿಲ ಹಿಂದೆ. ನಿನ್ನ ಮುಖಕ್ಕಿಂತ ನಿನ್ನ ಅಕ್ಷರವೇ ನನಗೆ ಹೆಚ್ಚು ಪರಿಚಯ. ಅಷ್ಟು ದುಂಡಗೆ ಬರೆಯುವವನಿಗೆ ಸುಳ್ಳು ಹೇಗೆ ಕಳಿಸಲಿ? ಸಂಜೆ ಕಾರ್ಡನ್ನು ಒಲೆಗೆ ಹಾಕಿದೆ.

ಅಪ್ಪ ಕರೆಯುತ್ತಿದ್ದಾರೆ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ಬುಧವಾರ

ಸೋಮವಾರ ಅಲ್ಲಿಗೆ ನಿಲ್ಲಿಸಿದ್ದೆ. ನಿನ್ನೆ ನಮ್ಮ ಹೊಲದಲ್ಲಿ ಹುರುಳಿ ಕೀಳಲು ಅವ್ವನೂ ನಾನೂ ಹೋಗಿದ್ದೆವು. ಮೂರು ಸಾಲು ಹುರುಳಿ ಉಳಿದಿತ್ತು. ಬಿಸಿಲು ಹಿತವಾಗಿತ್ತು, ಒಣಗಿದ ಕಾಯಿಗಳು ಕೈ ತಾಗಿದರೆ ಸಿಡಿಯುತ್ತಿದ್ದವು. ಅವ್ವ ಕೀಳುತ್ತಾ ಕೀಳುತ್ತಾ ನಡುವೆ ಕೂತುಬಿಟ್ಟಳು.

“ಏನು ಬರ್ದೆ ಅವನಿಗೆ?” ಎಂದಳು.

“ಏನೂ ಬರ್ದಿಲ್ಲ ಕಣವ್ವ. ನೀನು ಏನೂ ಹೇಳ್ಲಿಲ್ವಲ್ಲ.”

“ಬೇಡ ಅಂದ್ರೆ ಬಂದೇಬುಡ್ತಾನಾ?”

“ಹಂಗೇ ಬರ್ದವ್ನೆ.”

“ಬಂದು?”

ನಾನು ಮತ್ತೊಂದು ಗಿಡ ಕಿತ್ತೆ. ಅವಳೇ ಹೇಳಿದಳು: “ಬಂದು ಅಪ್ಪನ ಹಂಗೆ ಕಂಡೋರ ಕಣದಾಗೆ ನಿಂತ್ಕೊಬೇಕು. ಅಷ್ಟು ಓದಿರೋ ಹುಡುಗ.” ಆಮೇಲೆ ಕೈಯಲ್ಲಿದ್ದ ಕಾಯನ್ನು ಸುಲಿಯುತ್ತಾ, “ಅವನಿಗೆ ಈ ಬೆರಕೆ ಹಿಟ್ಟು ಒಗ್ತದಾ ಈಗ?” ಎಂದಳು. ನನ್ನನ್ನು ಕೇಳಿದಂತೆ ಇರಲಿಲ್ಲ.

ಆಗ ಇನ್ನೊಂದು ಮಾತು ಹೇಳಿದಳು. ನಾನು ಹುಟ್ಟಿದಾಗಿನಿಂದ ಕೇಳದ ಮಾತು. ಅದನ್ನು ನಿನಗೆ ಬರೆಯಬಾರದೆಂದು ನನ್ನ ಕೈಯನ್ನು ಅವಳ ಕೊರಳಿನ ಲಿಂಗದ ಕರಡಿಗೆಯ ಮೇಲೆ ಇಡಿಸಿ ಆಣೆ ಮಾಡಿಸಿಕೊಂಡಳು. ಆದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬರುವಾಗ ಹುರುಳಿಯ ಹೊರೆ ಅವಳ ತಲೆಯ ಮೇಲಿತ್ತು. ದಾರಿಯುದ್ದಕ್ಕೂ ಹಿಂದೆ ಕಾಳು ಉದುರುತ್ತಿತ್ತು, ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ. ಒಂದು ಕಾಳು ಬಿದ್ದರೆ ಬಗ್ಗಿ ಹೆಕ್ಕುವವಳು. ನಾನು ಹಿಂದೆ ಹೆಕ್ಕುತ್ತಾ ಬಂದೆ.

ಅಪ್ಪ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಹೇಳಿ, “ತಡಿ, ಪಟ್ಟ ಆದ್ಮೇಲೆ ಅವನೇ ನಂಗೆ ಮಾಡ್ಬೇಕಲ್ವಾ? ಹಂಗಾದ್ರೆ ಈಗ್ಲೇ ಎರಡು ಸಲ ಬರಿ, ಉಳೀಲಿ” ಎಂದರು. ಆದ್ದರಿಂದ ಎರಡು ಆಶೀರ್ವಾದ. ನಾಗಕ್ಕ ನಿನಗೆ ಒಂದು ಕರಿ ಕಂಬಳಿ ಎತ್ತಿಟ್ಟಿದ್ದಾಳೆ. ಬುದ್ಧಿಯವರು ಕಂಬಳಿ ಹೊದೆಯುತ್ತಾರೋ ಇಲ್ಲವೋ ಕೇಳು ಎಂದಿದ್ದಾಳೆ. ಅವ್ವ ಏನೂ ಹೇಳಿಲ್ಲ. ನಾನು ಚಿಕ್ಕವಳು, ಹರಸುವಂತಿಲ್ಲ. ನೀನು ಎಲ್ಲಿದ್ದರೂ ಹೊಟ್ಟೆತುಂಬ ಉಂಡು, ಬೆಚ್ಚಗೆ ಮಲಗು ಎಂದು ಕೇಳಿಕೊಳ್ಳುತ್ತೇನೆ.

ಪಟ್ಟವಾದರೆ ಮುಂದಿನ ಕಾಗದದಲ್ಲಿ ನಿನ್ನನ್ನು ‘ಬುದ್ಧಿಯವರು’ ಎಂದು ಬರೆಯಬೇಕಂತೆ, ‘ತಾವು’ ಎನ್ನಬೇಕಂತೆ. ಬರೆಯುತ್ತೇನೆ. ಅದಕ್ಕೇ ಇದರಲ್ಲಿ ಎಷ್ಟು ಸಲ ಆಗುತ್ತದೋ ಅಷ್ಟು ಸಲ ಅಣ್ಣ ಎಂದು ಬರೆದಿದ್ದೇನೆ. ಅಣ್ಣ, ಅಣ್ಣ. ಹಾಳೆಯಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ,
ಸರ್ವಮಂಗಳಾ

ಗುರುವಾರ. ಇನ್ನೊಂದು ಹಾಳೆ ಸೇರಿಸಿದ್ದೇನೆ.

ಆಣೆ ಮುರಿಯುತ್ತಿದ್ದೇನೆ ಅಣ್ಣ. ಪಾಪ ಬಂದರೆ ನನಗಿರಲಿ. ಇದು ತಿಳಿಯದೆ ನೀನು ಪೀಠದ ಮೇಲೆ ಕೂರಬಾರದು, ಇದು ತಿಳಿಯದೆ ನೀನು ಮನೆಗೂ ಬರಬಾರದು.

ನಿನ್ನನ್ನು ಮಠಕ್ಕೆ ಕೊಟ್ಟದ್ದು ಹರಕೆಯಿಂದ ಎಂದು ನಮಗೆಲ್ಲ ಹೇಳಿದ್ದರಲ್ಲ. ಮದುವೆಯಾಗಿ ಬಹಳ ವರ್ಷ ಮಕ್ಕಳಿಲ್ಲದೆ, ಮೊದಲ ಗಂಡುಮಗುವನ್ನು ಮಠಕ್ಕೆ ಬಿಡುತ್ತೇನೆಂದು ಅವ್ವ ಹರಸಿಕೊಂಡಿದ್ದಳು ಎಂದು. ಹರಕೆ ಇರಲಿಲ್ಲ. ಆ ವರ್ಷ ಅಪ್ಪನಿಗೆ ನಾರುಹುಣ್ಣಾಯಿತು. ಮೊಣಕಾಲಿನಿಂದ ಹುಳ ದಾರದಂತೆ ಇಳಿಯುತ್ತಿತ್ತಂತೆ, ನಾಲ್ಕು ತಿಂಗಳು ಏಳಲಾಗಲಿಲ್ಲ. ಜೋಳಿಗೆ ಗೂಟದಲ್ಲೇ ಉಳಿಯಿತು. ನಿನ್ನ ಹೆಗಲಿಗೆ ಹಾಕಿ ಕಳಿಸಿದರು. ನೀನು ಎರಡು ಮನೆಯವರೆಗೆ ಹೋಗಿ, ಬಾಯಿ ಬಾರದೆ, ಖಾಲಿ ಜೋಳಿಗೆ ಹೊತ್ತು ಅಳುತ್ತಾ ಬಂದೆಯಂತೆ. ಆಗ ಅವ್ವ ನಿನ್ನನ್ನು ಕರೆದುಕೊಂಡು ಎರಡು ದಿನ ನಡೆದು ಸಿರಾ ಸೀಮೆಯ ಆ ಬೆಟ್ಟದ ಮಠಕ್ಕೆ ಬಂದು, ಹೊಸ ರಾಗಿ ಬರುವವರೆಗೆ ಇರಲಿ ಎಂದು ಬಿಟ್ಟುಬಂದಳು. ಬಿಟ್ಟು ಬಂದಳು ಅಷ್ಟೇ, ಕೊಟ್ಟು ಬರಲಿಲ್ಲ.

ಒಂದು ದಿನವೂ ಅವ್ವ ಯಾಕೆ ನೋಡಲು ಬರಲಿಲ್ಲ ಎಂದು ನೀನು ಹಿಂದೊಮ್ಮೆ ಬರೆದಿದ್ದೆ. ಬಂದಿದ್ದಳು ಅಣ್ಣ. ಕಣ ಮುಗಿದ ಕೂಡಲೇ, ಅಪ್ಪ ಎದ್ದು ಓಡಾಡಿದ ಮೇಲೆ, ನಿನ್ನನ್ನು ಕರೆತರಲು ಬಂದಳು. ನಿನಗೆ ಹಾಕಲು ಹೊಸ ಅಂಗಿ ಹೊಲಿಸಿಕೊಂಡು ತಂದಿದ್ದಳು. ನಾನೂ ಬಂದಿದ್ದೆ, ಅವಳ ಸೊಂಟದ ಮೇಲೆ. ನೀವೆಲ್ಲ ಮಕ್ಕಳು ಪಂಕ್ತಿಯಲ್ಲಿ ಉಣ್ಣಲು ಕೂತಿದ್ದಿರಂತೆ. ಅವ್ವ ಕಂಬದ ಮರೆಯಲ್ಲಿ ನಿಂತಳು. ನಿನ್ನ ಕೆನ್ನೆ ತುಂಬಿತ್ತು. ಎಲೆಯ ಮೇಲೆ ಬಿಳಿ ಅನ್ನ. ಬಡಿಸುವವರು ‘ಸಾಕಾ ಮರಿ?’ ಎಂದರೆ ನೀನು ಎರಡೂ ಕೈ ಚಾಚಿ ‘ಇನ್ನೂ’ ಎಂದೆಯಂತೆ.

“ನಮ್ಮನೇಲಿ ಅವನು ಒಂದಿನಾನೂ ಇನ್ನೂ ಅಂತ ಕೇಳಿರ್ಲಿಲ್ಲ ಕಣೇ” ಎಂದಳು ಅವ್ವ, ಹುರುಳಿಯ ಸಾಲಿನ ನಡುವೆ. “ಕೇಳ್ಬಾರ್ದು ಅಂತ ಏಳು ವರ್ಸದ ಮಗೀಗೂ ಗೊತ್ತಿತ್ತು.”

ಅಷ್ಟರಲ್ಲಿ ನಾನು ನಿನ್ನನ್ನು ಗುರುತು ಹಿಡಿದೆನಂತೆ. ಕೈ ನೀಡಿ ‘ಅಣ್ಣಾ’ ಎಂದೆನಂತೆ. ಅವ್ವ ನನ್ನ ಬಾಯಿ ಮುಚ್ಚಿದಳು. ಹಾಗೇ ಮುಚ್ಚಿಕೊಂಡು, ಬೆಟ್ಟ ಇಳಿಯುವವರೆಗೂ ಕೈ ತೆಗೆಯಲಿಲ್ಲವಂತೆ. ಊರಿಗೆ ಬಂದು ಹರಕೆ ಎಂದಳು. ಅಪ್ಪನೂ ಹಾಗೇ ಹೇಳಬೇಕೆಂದಳು. ನಿನ್ನ ಆ ಅಂಗಿಯನ್ನು ನಾನು ತೊಟ್ಟು ಬೆಳೆದೆ.

“ಕೊಟ್ಟಿದ್ರೆ ತಾನೆ ಕೊಟ್ಟೆ ಅನ್ನೋದು? ಅಷ್ಟು ಜನದ ಮುಂದೆ ಸುಳ್ಳು ಹೆಂಗೆ ಹೇಳ್ಲಿ?” ಎಂದಳು ಅವ್ವ.

ಇದೇ ಅಣ್ಣ. ಹ್ಞೂ ಎಂದೂ ಅವಳು ಹೇಳಿಲ್ಲ, ಉಹ್ಞೂ ಎಂದೂ ಹೇಳಿಲ್ಲ. ನೀನು ಕೇಳಿದ ಒಂದು ಮಾತನ್ನು ನಾನು ಬರೆದುಕೊಡಲಾರೆ. ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ, ನೀನೇ ತಿಳಿದುಕೊ.

ಈ ದಿನ ಬೆಳಿಗ್ಗೆ ಅಪ್ಪ ಹೊರಟ ಮೇಲೆ ನಾನು ಹಿತ್ತಲಿಗೆ ಹೋದೆ. ಮಂಜು ಇನ್ನೂ ಇತ್ತು. ಅವ್ವ ಹಿತ್ತಲ ನೆಲವನ್ನು ಒಂದು ಮಾರು ಗುಡಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು, ಬರೀ ಗೋಡೆಯ ಎದುರು ನಿಂತಿದ್ದಳು. ಮೆಲ್ಲಗೆ ಮೊಣಕಾಲೂರಿದಳು. ಎರಡೂ ಕೈ ಚಾಚಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು. ಬಹಳ ಹೊತ್ತು ಹಾಗೇ ಇದ್ದಳು. ಏಳುವಾಗ ಗೋಡೆ ಹಿಡಿಯಬೇಕಾಯಿತು. ನಿಂತು ಉಸಿರು ತೆಗೆದುಕೊಂಡು, ಈ ಸಲ ಗೋಡೆ ಹಿಡಿಯದೆ ಏಳಬೇಕೆಂದೋ ಏನೋ, ಮತ್ತೊಂದು ಸಲ ಬಗ್ಗಿದಳು.

ಎದ್ದಾಗ ನನ್ನನ್ನು ಕಂಡಳು. “ಏನೇ ನೋಡ್ತೀಯ? ಸೊಂಟ ಹಿಡ್ಕೊಂಡಿತ್ತು, ಬಗ್ಗಿ ನೋಡ್ದೆ ಅಷ್ಟೇಯ” ಎಂದು ಹಣೆಯ ಮಣ್ಣು ಒರೆಸಿಕೊಂಡು ಒಳಗೆ ಹೋದಳು.